ಎರಡು ಗಂಟು ಅರಿವೆ

ಖಾನಾಪುರದ ಕಾಡವ್ವ ಮೂವತ್ತು ವರ್ಷದಿಂದ ಕೌದಿ ಹೊಲಿಯುತ್ತ ಬಂದವಳು. ಜನ ಹಳೆಯ ಸೀರೆ, ಅಂಗಿ, ಧೋತರ ಗಂಟು ಕಟ್ಟಿ ಕೊಡುತ್ತಾರೆ; ತಿಂಗಳೊಪ್ಪತ್ತಿನಲ್ಲಿ ಅವಳು ಅದನ್ನು ಕೌದಿ ಮಾಡಿ ಮುಟ್ಟಿಸುತ್ತಾಳೆ. ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಅರಿವೆ ಒಗೆದು ಒಣಗಿಸಬೇಕು. ಕಾಲರು, ಗುಂಡಿ, ದಪ್ಪ ಹೊಲಿಗೆ ಕತ್ತರಿಸಿ ತೆಗೆಯಬೇಕು, ಅಲ್ಲಿ ಸೂಜಿ ಹಾಯುವುದಿಲ್ಲ. ಗಟ್ಟಿ ಸೀರೆಯೊಂದನ್ನು ನೆಲಕ್ಕೆ ಹಾಸಿ ಮೂಲೆಗಳಿಗೆ ಕಲ್ಲಿಟ್ಟು ಬಿಗಿ ಮಾಡಬೇಕು. ಆಮೇಲೆ ಅಂಚಿನಿಂದ ಶುರು. ತುಂಡುಗಳ ಬದಿ ಒಳಗೆ ಮಡಚಿ, ಒಂದರ ಮೇಲೊಂದು ಎರಡು ಬೆರಳು ಏರುವಂತೆ ಇಡುತ್ತ, ಜೋಡಿ ದಾರದಲ್ಲಿ ಸಣ್ಣ ಹೊಲಿಗೆ ಹಾಕುತ್ತ, ನಾಲ್ಕೂ ಬದಿ ಸುತ್ತಿ ಸುತ್ತಿ ನಡುವಿಗೆ ಬರಬೇಕು. ನಡು ಮುಚ್ಚಿತೆಂದರೆ ಕೌದಿ ಮುಗಿಯಿತು.

ಹೋದ ವರ್ಷ ಬೆಳಗಾವಿಯಿಂದ ಅವಳು ಒಂದೇ ದಿನ ಎರಡು ಗಂಟು ತಂದಳು. ಒಂದು ಶಿವಬಸವ ನಗರದ ನಿಂಗವ್ವನದು, ಹುಟ್ಟಲಿರುವ ಮೊಮ್ಮಗುವಿಗೆ ಹೊದಿಸಲು. ಅದರಲ್ಲಿ ನಿಂಗವ್ವನ ಸೀರೆಗಳೂ ಅವಳ ಗಂಡ ಬಾಳಪ್ಪನ ಅಂಗಿಗಳೂ ಇದ್ದವು. ಇನ್ನೊಂದು ವಡಗಾವಿಯ ರಾಧಾಬಾಯಿಯದು. ಅವಳ ಗಂಡ ಅವಧೂತ ಮಗ್ಗದ ಕೆಲಸದವನು, ತೀರಿಕೊಂಡು ವರ್ಷವಾಗಿತ್ತು. ಅವನ ಅಂಗಿಗಳನ್ನು ಕೌದಿ ಮಾಡಿಸಿ ತಾನೇ ಹೊದೆಯಬೇಕೆಂದು ಅವಳ ಆಸೆ.

ಮರುದಿನ ಕಾಡವ್ವ ನಂಟರ ಮದುವೆಗೆ ಹೋದಳು. ಅಂದೇ ನಳಕ್ಕೆ ನೀರು ಬಂತು. ಸೊಸೆ ಸಪ್ನಾ, ಅತ್ತೆಗೆ ಅಷ್ಟು ಕೆಲಸ ಕಡಿಮೆಯಾಗಲಿ ಎಂದು, ಎರಡೂ ಗಂಟು ಬಿಚ್ಚಿ ಒಗೆದು ಒಂದೇ ಹಗ್ಗಕ್ಕೆ ಹಾಕಿದಳು.

ಕಾಡವ್ವ ತಿರುಗಿ ಬಂದು ನೋಡಿ ಹಣೆ ಹಿಡಿದುಕೊಂಡು ಕೂತಳು.

“ಯಾವುದು ಯಾರ್ದು ಅಂತ ನೋಡಿಟ್ಟಿಲ್ಲೇನ ನೀ?”

“ಬ್ಯಾರೆ ಬ್ಯಾರೆ ಮನೀವು ಅಂತ ನಂಗೇನ್ ಗೊತ್ರಿ ಅತ್ತಿ” ಎಂದ ಸಪ್ನಾಳ ಕಣ್ಣಲ್ಲಿ ನೀರು ಬಂತು.

ಸೀರೆಗಳ ಮಾತಿರಲಿಲ್ಲ, ಅವೆಲ್ಲ ನಿಂಗವ್ವನವು. ತೊಡಕಾದದ್ದು ಅಂಗಿಗಳದು. ಹನ್ನೊಂದು ಅಂಗಿ. ಬಿಳಿಯವು ಬಾಳಪ್ಪನವು ಎಂದು ಒಮ್ಮೆ ಅನಿಸಿತು, ಅಲ್ಲವೆಂದು ಇನ್ನೊಮ್ಮೆ. ಉದ್ದ ಅಳೆದು ನೋಡಿದರೆ ಇಬ್ಬರೂ ಒಂದೇ ಎತ್ತರದವರು. ಎರಡು ದಿನ ಈ ಕಡೆಯದು ಆ ಕಡೆ ಇಟ್ಟು, ಕಡೆಗೆ ತನ್ನ ನೆನಪನ್ನೇ ನಂಬಿ ಕೂಸಿನ ಕೌದಿ ಹಿಡಿದಳು.

ಮೂರನೆಯ ಸುತ್ತಿನಲ್ಲಿ ಸೂಜಿ ಯಾವುದಕ್ಕೋ ತಡೆಯಿತು. ಬೂದು ಅಂಗಿಯ ಮೊಣಕೈ ಹರಿದಿದ್ದನ್ನು ಯಾರೋ ನೇರಳೆ ರೇಷ್ಮೆ ಎಳೆಯಲ್ಲಿ, ನೇಯ್ದಂತೆ ಅಡ್ಡ ಉದ್ದ ಹಾಯಿಸಿ ತುಂಬಿದ್ದರು. ಮಗ್ಗದವರ ಕೈ ಅದು. ಕಾಡವ್ವ ಸೂಜಿ ಕೆಳಗಿಟ್ಟಳು. ಹುಟ್ಟುವ ಕೂಸಿನ ಕೌದಿಯಲ್ಲಿ ಸತ್ತವನ ಅಂಗಿ ಸೇರಿಸಿಬಿಟ್ಟೆನಲ್ಲ! ಇದೊಂದೇ ಸೇರಿದೆಯೋ, ಇನ್ನೂ ಎಷ್ಟಿವೆಯೋ? ಬಿಚ್ಚಿ ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಯಾವುದನ್ನು ಬಿಚ್ಚಬೇಕೆಂದು ಅವಳಿಗೇ ತಿಳಿಯದು. ಅರ್ಧ ಹೊಲಿದ ಕೌದಿ, ಉಳಿದ ಅರಿವೆ ಎಲ್ಲ ಗಂಟು ಕಟ್ಟಿ ಬೆಳಗಾವಿಯ ಬಸ್ಸು ಹತ್ತಿದಳು.

ರಾಧಾಬಾಯಿ ಸಿಟ್ಟಾಗಲಿಲ್ಲ. ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಒಂದೊಂದೇ ತುಂಡು ಸವರಿದಳು. ಬೂದು ಅಂಗಿ ಗುರುತಿಸಿದಳು, ಇನ್ನೆರಡು ಬಿಳಿಯವನ್ನೂ. ನೀಲಿ ಗೆರೆಯ ಅಂಗಿಯ ತೋಳಿಗೆ ಬಂದಾಗ ಕೈ ನಿಂತಿತು.

“ಇದು ಇವರ್ದ... ಇಲ್ಲ, ತಡಿ. ನಲವತ್ತ ವರ್ಷ ಇವರ ಅಂಗಿ ನಾನs ಒಗದೇನಿ ಕಾಡವ್ವಾ. ಖರೇ ಹೇಳ್ತೀನಿ, ಗೊತ್ತಾಗವಲ್ದು.” “ವರ್ಷದಾಗ ಮರತೆನೇನ?” ಎಂದು ತನ್ನನ್ನೇ ಕೇಳಿಕೊಂಡಳು.

ರಾಧಾಬಾಯಿ ಎದ್ದು ಚಪ್ಪಲಿ ಮೆಟ್ಟಿದಳು. “ನಡಿ, ಆ ಕೂಸಿನ ಮನಿಯವರನ್ನs ಕೇಳೂಣು.”

ಶಿವಬಸವ ನಗರದಲ್ಲಿ ನಿಂಗವ್ವ ಇಬ್ಬರಿಗೂ ಚಹಾ ಕೊಟ್ಟು ಕೂಡಿಸಿದಳು. ವಿಷಯ ತಿಳಿಯುತ್ತಲೇ ಅವಳ ಮುಖ ಕಪ್ಪಿಟ್ಟಿತು.

“ಕೂಸಿಂದು ಅಂತ ಎಷ್ಟ ಸಲ ಹೇಳಿದ್ದೆ ನಿನಗ?”

“ತಪ್ಪ ಆತ್ರಿ ಅಕ್ಕಾರ. ಅದಕ್ಕs ಬಂದೇನ್ರಿ.”

ಬಾಳಪ್ಪ ಪತ್ರಿಕೆ ಮಡಚಿಟ್ಟ. “ನಾವು ಲಿಂಗವಂತರು, ನಮ್ಮಾಗ ಸೂತಕ ಎಲ್ಲೈತಿ? ಇರ್ಲಿ ಬಿಡು.”

“ಮಾತಿಗೆ ಇಲ್ರೀ. ಕೂಸಿನ ಮೈಮ್ಯಾಲೆ ಹಾಕೂದು ಬ್ಯಾರೆ” ಎಂದಳು ನಿಂಗವ್ವ. ಎದುರಿಗೇ ಕೂತ ರಾಧಾಬಾಯಿಯನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. ರಾಧಾಬಾಯಿ ತಲೆ ತಗ್ಗಿಸಿ, “ನಿಮ್ಮ ಜಾಗಾದಾಗ ನಾ ಇದ್ರೂ ಹಂಗs ಅಂತಿದ್ನಿರಿ” ಎಂದಳು.

ತೋಳಷ್ಟೇ ಕೌದಿಗೆ ಹೋಗಿ ಗಂಟಿನಲ್ಲಿ ಉಳಿದಿದ್ದ ನೀಲಿ ಗೆರೆಯ ಅಂಗಿಯನ್ನು ಬಾಳಪ್ಪ ತಿರುವಿ ತಿರುವಿ ನೋಡಿದ. ತನ್ನದೆಂದ. ನಿಂಗವ್ವ ಅಲ್ಲವೆಂದಳು. ಹಾಗಾದರೆ ಇರಲಿಕ್ಕಿಲ್ಲ ಎಂದ. ಆಗ ನಿಂಗವ್ವನಿಗೇ ಅನುಮಾನ ಬಂತು. “ಯಾರ್ದಾದ್ರೂ ಇರ್ಲಿ, ನೀವs ಇಟ್ಕೊರಿ ಬಾಯಾರ” ಎಂದ ಬಾಳಪ್ಪ.

“ಬ್ಯಾಡ್ರಿ” ಎಂದಳು ರಾಧಾಬಾಯಿ ಗಾಬರಿಯಿಂದ. “ಅದು ನಿಮ್ಮದs ಇದ್ರ? ಬಾಳಿ ಬದುಕೋ ಮನಷ್ಯಾರ ಅಂಗಿ ಹೋದವರ ಕೌದ್ಯಾಗ ಸೇರಿಸಬಾರ್ದ್ರಿ.”

ಕಾಡವ್ವ ಅಲ್ಲೇ ಕೂತು ಹೊಲಿಗೆ ಬಿಚ್ಚಿದಳು. ಕಡೆಗೆ ಹಾಕಿದ ಸಾಲಿನಿಂದ ಹಿಡಿದು ಹಿಂದಕ್ಕೆ ಹೋಗಬೇಕು. ದಾರ ಜಗ್ಗಿದರೆ ಹಳೆಯ ಅರಿವೆ ಹರಿಯುತ್ತದೆ. ರಾಧಾಬಾಯಿ ತುಂಡುಗಳನ್ನು ಬಿಗಿ ಹಿಡಿದು ಕೊಟ್ಟಳು. ನಿಂಗವ್ವ ಒಳಗೆ ಹೋದವಳು ಇನ್ನೊಂದು ಕತ್ತರಿ ತಂದು ತಾನೂ ಕೂತಳು. ನೀಲಿ ಗೆರೆಯದು ಯಾವ ಕಡೆಗೂ ಸೇರದೆ ಕಾಡವ್ವನ ಚೀಲಕ್ಕೆ ಬಂತು.

ಕೂಸಿನ ಕೌದಿ ಹೆರಿಗೆಗೆ ಮುಂಚೆ ಮುಗಿಯಿತು. ರಾಧಾಬಾಯಿಯದು ನಡುವಿನವರೆಗೆ ಬಂದಿದ್ದಾಗ ಅವಳ ಫೋನು ಬಂತು.

“ಕಾಡವ್ವಾ, ಆ ನೀಲಿ ಗೆರಿ ಅಂಗಿ ಇವರದs. ಮುಕ್ತಾನ ಮದವ್ಯಾಗ ಹಾಕ್ಕೊಂಡಿದ್ರು. ನೆನಪಾತು.”

ಮುಕ್ತಾ ಎಂದರೆ ಅವಳ ಮಗಳು. ಖರೇ ನೆನಪಾಗಿತ್ತೋ, ನೆನಪಾಗಲೇಬೇಕೆಂದು ಅವಳಿಗೆ ಅನಿಸಿತ್ತೋ, ಕಾಡವ್ವನಿಗೆ ತಿಳಿಯಲಿಲ್ಲ. ಮದುವೆಯ ಫೋಟೋ ನೋಡಿದಿರೇನು ಎಂಬ ಪ್ರಶ್ನೆ ಬಾಯಿತನಕ ಬಂದಿತ್ತು. “ಆತ್ರಿ ಬಾಯಾರ” ಎಂದಷ್ಟೇ ಹೇಳಿ, ಆ ಅಂಗಿಯ ಬೆನ್ನಿನ ಭಾಗ ಚೌಕ ಕತ್ತರಿಸಿ, ನಾಲ್ಕೂ ಬದಿ ಮಡಚಿ, ಕೌದಿಯ ನಡು ಮುಚ್ಚಿದಳು.