ಸಣ್ಣಸ್ವಾಮಿ ಹಾಕಿದ ಪೈಪು

ಕಾಫಿ ತೋಟದ ಜನಕ್ಕೆ ಸ್ಪ್ರೇ ಪೈಪಿನ ಮೇಲೆ ಅದೇನು ನಂಬಿಕೆಯೋ, ದೇವರೇ ಬಲ್ಲ. ಗಿಡಕ್ಕೆ ಮೈಲುತುತ್ತ ಹೊಡೆಯುವ ಆ ಹಳದಿ ಪೈಪು ಹಳೆಯದಾದರೆ ಎಸೆಯುವವರೇ ಇಲ್ಲ. ಬಚ್ಚಲಿಗೆ ಅದೇ, ಕೊಟ್ಟಿಗೆ ತೊಳೆಯುವುದಕ್ಕೆ ಅದೇ, ಮುರಿದ ಗೇಟು ಕಟ್ಟುವುದಕ್ಕೂ ಅದೇ. ಮುನ್ನೂರು ಪೌಂಡ್ ಪ್ರೆಶರ್ ತಡೆಯುವ ಪೈಪು ಇನ್ನೇನು ತಾನೇ ತಡೆಯದು ಎಂಬ ಲೆಕ್ಕಾಚಾರ. ಸೋಮವಾರಪೇಟೆಯ ಬೈಕ್ ಮೆಕ್ಯಾನಿಕ್ ಸಣ್ಣಸ್ವಾಮಿಯೂ ಅದನ್ನೇ ನಂಬಿದ. ಮೂವತ್ತೆರಡು ವರ್ಷ ಸ್ಪ್ಯಾನರ್ ಹಿಡಿದವನು, ಅವನು ನಂಬಬಾರದಿತ್ತು.

ಸಣ್ಣಸ್ವಾಮಿಯ ಅಪ್ಪ ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತವರು. ಮಗ ಬೇಸಾಯ ಒಲ್ಲೆನೆಂದು ಬೆಟ್ಟ ಹತ್ತಿ ಬಂದು ತಗಡಿನ ಶೆಡ್ ಹಾಕಿದ. ಹಳೆಯ ಗಾಡಿಗಳೆಂದರೆ ಅವನಿಗೆ ಜೀವ. ಬಾಯಿ ಮಾತ್ರ ಬಹಳ ಜೋರು. ಆಯಿಲ್ ಬದಲಿಸದೆ ಗಾಡಿ ತಂದವರನ್ನು, ‘ನೀನು ಮಾತ್ರ ದಿನಾ ಮೂರ್ ಹೊತ್ತು ಉಣ್ತೀಯಲ್ಲ, ಗಾಡಿ ಏನ್ ಪಾಪ ಮಾಡಿತ್ತು?’ ಎಂದು ಬೈಯದೆ ಕಳಿಸಿದವನಲ್ಲ. ಬೈಸಿಕೊಂಡವರು ಮತ್ತೆ ಅವನ ಹತ್ತಿರವೇ ಬರುತ್ತಿದ್ದರು.

ಹೋದ ವರ್ಷ ಮೇ ತಿಂಗಳ ಕೊನೆಯಲ್ಲಿ ಧರ್ಮೇಶ್ ಗಾಡಿ ತಳ್ಳಿಕೊಂಡು ಬಂದ. ತೋಟಗಳಿಗೆ ಸ್ಪ್ರೇ ಹೊಡೆಯುವ ಕಂಟ್ರಾಕ್ಟು ಅವನದು. ಇಪ್ಪತ್ತೈದು ವರ್ಷದ ಹಳೆಯ ಗಾಡಿ, ಟ್ಯಾಂಕಿನಿಂದ ಕಾರ್ಬುರೇಟರಿಗೆ ಹೋಗುವ ಪೆಟ್ರೋಲ್ ಪೈಪು ಬಿರಿದು ತೊಟ್ಟಿಕ್ಕುತ್ತಿತ್ತು. ಸಣ್ಣಸ್ವಾಮಿಯ ಹತ್ತಿರ ಹೊಸ ಪೈಪು ಮುಗಿದಿತ್ತು.

‘ಮಳೆ ಹಿಡಿಯೋದ್ರೊಳಗೆ ಇನ್ನೂ ಮೂರು ತೋಟ ಮುಗಿಸ್ಬೇಕು ಕಣಣ್ಣ. ಇದನ್ನೇ ಹಾಕ್ಬುಡು’ ಎಂದು ಧರ್ಮೇಶ್ ಚೀಲದಿಂದ ಸ್ಪ್ರೇ ಪೈಪಿನ ತುಂಡೊಂದನ್ನು ತೆಗೆದುಕೊಟ್ಟ.

ಸಣ್ಣಸ್ವಾಮಿ ಮೂರಂಗುಲ ಕತ್ತರಿಸಿ ತೂರಿಸಿದ. ಕ್ಲಿಪ್ಪೂ ಇರಲಿಲ್ಲ, ಎರಡೂ ತುದಿಗೆ ಕಟ್ಟುವ ತಂತಿ ಸುತ್ತಿ ಇಕ್ಕಳದಲ್ಲಿ ತಿರುಚಿದ. ‘ಎರಡೇ ದಿನ ನೋಡು. ಬುಧವಾರ ಬಾ, ಸರಿಯಾದ್ದು ಹಾಕ್ತೀನಿ’ ಎಂದ.

ಬುಧವಾರ ಧರ್ಮೇಶ್ ಬರಲಿಲ್ಲ. ಆಮೇಲೆ ಇಪ್ಪತ್ತು ಸಲವಾದರೂ ಶೆಡ್ಡಿನ ಮುಂದೆಯೇ ಹೋಗಿರಬೇಕು. ಕೈ ಎತ್ತುತ್ತಿದ್ದ, ಇವನೂ ಎತ್ತುತ್ತಿದ್ದ. ‘ಏಯ್, ನಿಲ್ಸೋ’ ಅನ್ನಲಿಲ್ಲ. ಊರಿಗೆಲ್ಲ ಬೈಯುವ ಬಾಯಿಗೆ ಅದೊಂದು ಮಾತು ಬರಲಿಲ್ಲ ನೋಡಿ.

ಸೆಪ್ಟೆಂಬರಿನಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ಏರು ಹತ್ತುವಾಗ ಗಾಡಿಗೆ ಬೆಂಕಿ ಹತ್ತಿತು. ಪ್ಯಾಂಟಿಗೂ ಬೆಂಕಿ ತಗುಲಿ, ಧರ್ಮೇಶ್ ಗಾಡಿ ಸಮೇತ ಚರಂಡಿಗೆ ಉರುಳಿದ. ಹತ್ತಿರದ ತೋಟದಾಳುಗಳ ಲೈನ್ ಮನೆಗಳ ಜನ ಓಡಿಬಂದು ಮಣ್ಣೆರಚಿ ಬೆಂಕಿ ಆರಿಸಿದರು. ಮೈಸೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ತೀರಿಹೋದ.

ಅವನ ಅಂಗಿ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿತ್ತು. ಊರಿಗೆ ಅಷ್ಟು ಸಾಕಾಯಿತು. ಬೀಡಿ ಸೇದಿಕೊಂಡು ಗಾಡಿ ಓಡಿಸಿದ, ಕಿಡಿ ಬಿತ್ತು, ಸತ್ತ ಎಂದು ಮಾತಾಯಿತು. ಅದರ ಹಿಂದಿನ ವರ್ಷ ಕೆಮ್ಮು ಜಾಸ್ತಿಯಾದಾಗ ಧರ್ಮೇಶ್ ಮಗಳ ತಲೆ ಮುಟ್ಟಿ, ಇನ್ನು ಬೀಡಿ ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದ. ಹೆಂಡತಿ ಪ್ರೇಮಾವತಿ ಗಂಡ ಸತ್ತ ದುಃಖಕ್ಕಿಂತ ಆಣೆ ಮುರಿದ ಸಿಟ್ಟಿನಲ್ಲೇ ಹೆಚ್ಚು ಅತ್ತಳು.

ಸಣ್ಣಸ್ವಾಮಿಗೆ ಬೆಂಕಿ ಹತ್ತಿದ ಸುದ್ದಿ ಕೇಳಿದ ಕ್ಷಣವೇ ಗೊತ್ತಾಗಿತ್ತು. ಬೀಡಿಯಲ್ಲ, ಪೈಪು. ಸಾವಿನ ಮನೆಗೆ ಹೋದ. ಯಾರೋ ‘ಗಾಡಿ ಏನಾದ್ರೂ ಸರಿಯಿರ್ಲಿಲ್ವೇನೋ’ ಎಂದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವನೇ ಎದ್ದು, ‘ಹೋದ್ ತಿಂಗ್ಳು ಕಣ್ಣಾರೆ ನೋಡಿವ್ನಿ, ಚೆನ್ನಾಗಿತ್ತು’ ಎಂದ. ಥೂ! ಸತ್ತವನ ಅಂಗಳದಲ್ಲಿ ನಿಂತು ಆಡುವ ಮಾತೇ ಅದು? ಅವತ್ತಿನಿಂದ ಅವನು ಗಿರಾಕಿಗಳಿಗೆ ಬೈಯುವುದನ್ನೇ ಬಿಟ್ಟ.

ಈ ವರ್ಷ ಆಗಸ್ಟಿನಲ್ಲಿ ಆ ಗಾಡಿ ಪಿಕಪ್ಪಿನಲ್ಲಿ ಶೆಡ್ಡಿಗೆ ಬಂತು. ಜೊತೆಯಲ್ಲಿ ಧರ್ಮೇಶನ ಮಗಳು ಧನುಶ್ರೀ. ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ನರ್ಸ್ ಕೆಲಸ ಸಿಕ್ಕಿತ್ತು, ಡ್ಯೂಟಿ ಹೊತ್ತಿಗೆ ಬಸ್ಸಿರಲಿಲ್ಲ. ಗಾಡಿ ಓಡಿಸುವುದನ್ನು ಅಪ್ಪನೇ ಕಲಿಸಿದ್ದ.

‘ರೆಡಿ ಮಾಡ್ಕೊಡಿ ದೊಡ್ಡಪ್ಪ’ ಎಂದಳು. ‘ಅಪ್ಪನ ಮಾತು ನಂಬಿ ಕೆಟ್ಟಿದ್ದಾಯ್ತು. ಗಾಡಿನಾದ್ರೂ ನಂಬ್ಬೋದಾ ನೋಡಣ.’

ಅವಳು ಹೋದ ಮೇಲೆ ಸಣ್ಣಸ್ವಾಮಿ ಟ್ಯಾಂಕು ಬಿಚ್ಚಿದ. ಟ್ಯಾಂಕಿನ ತಳದಲ್ಲಿ ಪೆಟ್ರೋಲ್ ಬಿಡುವ ಕಾಕಿನ ತುದಿಯಲ್ಲಿ ಅವನ ತಂತಿ ಇನ್ನೂ ಗಟ್ಟಿಯಾಗಿ ಸುತ್ತಿಕೊಂಡಿತ್ತು, ಅದರೊಳಗೆ ಬೆರಳುಗುರಿನಷ್ಟು ಹಳದಿ ಪೈಪು. ಪೆಟ್ರೋಲು ಕುಡಿದು ಕುಡಿದು ಗಡುಸಾಗಿ, ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ಅವನು ಅಲ್ಲೇ ನೆಲದ ಮೇಲೆ ಕುಳಿತು ಅತ್ತ.

ಹೆಂಡತಿ ಹುಚ್ಚಮ್ಮನಿಗೆ ಅವತ್ತೇ ಎಲ್ಲ ಹೇಳಿದ. ಪ್ರೇಮಾವತಿಗೂ ಹೇಳಬೇಕು ಎಂದ.

‘ನಿಮಗೇನ್ ತಲೆ ಕೆಟ್ಟಿದ್ದಾ?’ ಎಂದಳು ಹುಚ್ಚಮ್ಮ. ‘ಹೇಳುದ್ರೆ ಸತ್ತೋನು ಎದ್ ಬತ್ತಾನಾ? ಒಳ್ಳೆ ಪೈಪ್ ಹಾಕ್ಕೊಟ್ಟು ಸುಮ್ಗಿರಿ. ಆ ಮಗೀಗೆ ಏನೂ ಆಗ್ದಂಗೆ ನೋಡ್ಕಳಿ, ಅಷ್ಟೇ.’

ಮರುದಿನ ಅವನು ಕುಶಾಲನಗರಕ್ಕೆ ಹೋದ. ಬಿಡಿಭಾಗದ ಅಂಗಡಿಯ ಕಿರಣ್‌ಕುಮಾರ್ ಮೊದಲು ಪೆಟ್ರೋಲು ಹೊರಗೆ ಕಾಣುವ ಪ್ಲಾಸ್ಟಿಕ್ ಪೈಪು ತೆಗೆದಿಟ್ಟ. ಸಣ್ಣಸ್ವಾಮಿ ಅದನ್ನು ಮುಟ್ಟಲೂ ಇಲ್ಲ. ಎರಡನೆಯದು ಕಪ್ಪು ರಬ್ಬರು. ಬಗ್ಗಿಸಿ ನೋಡಿದ, ಮಡಿಕೆ ಬಿತ್ತು, ಬೇಡವೆಂದ. ಮೂರನೆಯದು ಎರಡು ಪದರದ್ದು, ನಡುವೆ ನೂಲು ಹೆಣೆದದ್ದು, ಎಥೆನಾಲ್ ಬೆರೆಸಿದ ಈಗಿನ ಪೆಟ್ರೋಲನ್ನೂ ತಡೆಯುತ್ತದೆಂದು ಮೈಮೇಲೆ ಅಚ್ಚು ಹಾಕಿದ್ದು. ಅಳತೆಗೆಂದು ತಂದ, ಕಾಕಿನ ಮೂತಿಯಷ್ಟೇ ದಪ್ಪದ ಡ್ರಿಲ್-ಬಿಟ್ ಒಂದು ಅವನ ಜೇಬಿನಲ್ಲಿತ್ತು. ಅದನ್ನು ಪೈಪಿನ ಬಾಯಿಗೆ ತೂರಿಸಿ ತಿರುಗಿಸಿದ, ಎಳೆದ, ಮತ್ತೆ ತೂರಿಸಿದ.

‘ಏನ್ ಸ್ವಾಮಣ್ಣ, ಹೆಣ್ಣು ನೋಡಕ್ಕೆ ಬಂದೋರ ಥರ ಪೈಪ್ ನೋಡ್ತಿದೀರಲ್ಲ!’ ಎಂದು ಕಿರಣ್‌ಕುಮಾರ್ ನಕ್ಕು, ತಿರುಪಿನ ಕ್ಲಾಂಪುಗಳನ್ನು ಮುಂದಿಟ್ಟ.

‘ಇವು ಬೇಡ. ಒಂಚೂರು ಜಾಸ್ತಿ ಬಿಗಿದ್ರೆ ಇಷ್ಟು ಸಣ್ಣ ಪೈಪನ್ನ ಕಚ್ಚಿ ಸೀಳ್ಬುಡ್ತವೆ. ಸ್ಪ್ರಿಂಗ್ ಕ್ಲಿಪ್ ಕೊಡಿ, ಪೈಪ್ ಕಾದು ಉಬ್ಬಿದ್ರೂ, ತಣ್ಣಗಾಗಿ ಕುಗ್ಗಿದ್ರೂ ಹಿಡ್ಕಂಡೇ ಇರ್ತವೆ. ನಾಕು ಬೇಕು, ನಡುವೆ ಫಿಲ್ಟರ್ ಹಾಕ್ತೀನಿ.’

‘ಇಷ್ಟೊಂದು ನೋಡೋರು ಈಗ ಯಾರಿದಾರೆ ಬಿಡಿ’ ಎಂದು ಅವನು ಮೆಚ್ಚಿಕೊಂಡ. ಆ ಮಾತು ಸಣ್ಣಸ್ವಾಮಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈ ಪೈಪೂ ಈ ನಾಲ್ಕು ಕ್ಲಿಪ್ಪೂ ಹೋದ ವರ್ಷದ ಮೇ ತಿಂಗಳಿನಲ್ಲೂ ಇದೇ ಅಂಗಡಿಯಲ್ಲಿ ಇದ್ದವು.

ವಾರದಲ್ಲಿ ಗಾಡಿ ಸಿದ್ಧವಾಯಿತು. ಪೈಪು ಇಂಜಿನ್ನಿಗೆ ತಾಗದ ಹಾಗೆ, ಎಲ್ಲೂ ಮಡಿಕೆ ಬೀಳದ ಹಾಗೆ ಕೂರಿಸಿದ. ಎರಡು ದಿನ ಟ್ಯಾಂಕು ತುಂಬಿಸಿ ಕೆಳಗೆ ಬಿಳಿ ಕಾಗದ ಹಾಸಿಟ್ಟ. ಒಂದು ಹನಿಯೂ ಬೀಳಲಿಲ್ಲ. ಬೆಳಿಗ್ಗೆ ತಾನೇ ಓಡಿಸಿಕೊಂಡು ಧರ್ಮೇಶನ ಮನೆಗೆ ಹೋದ.

ಪ್ರೇಮಾವತಿ ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದಳು. ‘ಕೂತ್ಕಳಿ ಅಣ್ಣ, ಕಾಫಿ ತತ್ತೀನಿ’ ಎಂದು ಎದ್ದಳು. ಕಾಫಿ ಕುಡಿದರೆ ಹೇಳಲಾಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

‘ಬೀಡಿ ಅಲ್ಲ ಕಣವ್ವ’ ಎಂದ, ನಿಂತಲ್ಲೇ. ‘ಪೈಪು. ನಾನ್ ಹಾಕಿದ್ ಪೈಪು. ಪೆಟ್ರೋಲಿಗೆ ಸ್ಪ್ರೇ ಪೈಪ್ ಹಾಕ್ಬುಟ್ಟೆ, ತಂತಿ ಸುತ್ತಿ ಕಳಿಸ್ಬುಟ್ಟೆ. ಆಮೇಲೆ ಬದಲಾಯ್ಸಲಿಲ್ಲ. ಅದೇ ಒಡೆದು ಬೆಂಕಿ ಹತ್ತಿದ್ದು.’

ಮೊರ ಎಸೆಯುತ್ತಾಳೆ, ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದು ಕಾದ. ಹಾಗಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

‘ಹಂಗಾದ್ರೆ ಬೀಡಿ ಸೇದಿರ್ಲಿಲ್ವಾ?’ ಎಂದು ಕೇಳಿದಳು.

‘ಇಲ್ಲ. ಬಿಟ್ಟಿದ್ದ. ನಾನು ಕೊಟ್ರೂ ಬೇಡ ಅಂದಿದ್ದ, ಮಗಳ ಮೇಲೆ ಆಣೆ ಮಾಡಿವ್ನಿ ಅಂತ.’

‘ಜೇಬಲ್ಲಿ ಬೆಂಕಿಪೊಟ್ಣ?’

‘ಕಾಲಿಗೆ ಕಚ್ಚಿದ ಜಿಗಣೆ ಸುಟ್ಟು ಬಿಡ್ಸಕ್ಕೆ, ತೋಟದಲ್ಲಿ.’

ಪ್ರೇಮಾವತಿ ಮೊರವನ್ನು ಮೆಲ್ಲಗೆ ಕೆಳಗಿಟ್ಟಳು. ‘ಆಸ್ಪತ್ರೇಲಿ ಕೇಳಿದ್ದೆ ಅಣ್ಣ, ಯಾಕ್ ಸೇದಿದ್ರಿ ಅಂತ. ಮಾತಾಡಕ್ಕೆ ಆಗ್ತಿರ್ಲಿಲ್ಲ. ಇಲ್ಲ ಇಲ್ಲ ಅಂತ ತಲೆ ಅಲ್ಲಾಡ್ಸಿದ್ರು. ಸಾಯೋವಾಗ್ಲೂ ಸುಳ್ಳು ಹೇಳ್ತೀರಾ ಅಂದ್ಬುಟ್ಟೆ. ಆಮೇಲೆ ಅವ್ರು ನನ್ನ ಕಡೆ ತಿರುಗಿ ನೋಡ್ಲಿಲ್ಲ.’

ಧನುಶ್ರೀ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಸಣ್ಣಸ್ವಾಮಿ ಅವಳತ್ತ ಗಾಡಿಯ ಕೀ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

‘ಒಂಬತ್ತು ದಿನ ಬದುಕಿದ್ರು ದೊಡ್ಡಪ್ಪ’ ಎಂದಳು. ‘ಅಷ್ಟ್ರೊಳಗೆ ಅಮ್ಮಂಗೆ ಒಂದ್ ಫೋನ್ ಮಾಡಕ್ಕೆ ಆಗ್ಲಿಲ್ವಾ ನಿಮಗೆ?’

ಸಣ್ಣಸ್ವಾಮಿ ಕೀಯನ್ನು ಜಗಲಿಯ ಅಂಚಿನ ಮೇಲಿಟ್ಟು, ಪೇಟೆಯ ಕಡೆಗೆ ನಡೆದುಕೊಂಡು ಹೊರಟ.