ಮಸ್ತೂರಾಳ ಕಂದು ಹೊಳೆ

ಊರ ಹೊಳೆಯ ಬಣ್ಣ ಕಂಡರೆ ಮಸ್ತೂರಾಳಿಗೆ ಚಿಕ್ಕಂದಿನಿಂದಲೂ ಸಿಟ್ಟು. ಎಲೆ ಬೇರು ಕೊಳೆತ ಜೌಗಿನಲ್ಲಿ ಹಾದು ಬರುವ ನೀರು, ಹಾಲು ಹಾಕದ ಚಹಾದ ಹಾಗೆ ಕಂದು. ಅದರಲ್ಲಿ ಒಗೆದ ಬಿಳಿ ಅಂಗಿ ತೊಟ್ಟು ಬಂಜರ್‌ಮಾಸಿನ್ ಪೇಟೆಯ ಶಾಲೆಗೆ ಹೋದರೆ ಹುಡುಗಿಯರು, "ಬಂದಳು ನೋಡ್ರೇ, ಚಹಾ ಸೋಸೋ ಬಟ್ಟೆ!" ಅಂತ ಕಿಸಕ್ಕನೆ ನಗುತ್ತಿದ್ದರು. ಅಪ್ಪನಿಲ್ಲದ ಹುಡುಗಿ. ದೊಡ್ಡಪ್ಪ ಸಬ್ರಾನ್, ಅವಳ ಬಾಯಲ್ಲಿ ಜುಲಾಕ್, ಹೊಳೆಯಲ್ಲಿ ಮರದ ಪಂಜರ ಇಳಿಬಿಟ್ಟು ಜೆಲಾವತ್ ಮೀನು ಸಾಕಿ ಅವಳನ್ನು ಓದಿಸಿದರು. ಆ ಋಣವನ್ನು ಅವಳು ಒಂದು ದಿನವೂ ಮರೆತವಳಲ್ಲ.

ಓದಿ ಹಿಡಿದದ್ದು ನೀರಿನ ಲೆಕ್ಕದ ಕೆಲಸ. ತಾಮ್ರ ಎಷ್ಟಿದೆ ಅಂತ ಅಳೆದರೆ ಸಾಲದು. ನೀರು ಹುಳಿಯೋ, ಗಡಸೋ, ಕಂದು ಬಣ್ಣ ಕೊಡುವ ಎಲೆಯ ಕಷಾಯ ಎಷ್ಟು, ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಬೇಕು. ಆಗ ಆ ತಾಮ್ರ ಮೀನಿನ ಕಿವಿರಿಗೆ ಅಂಟುತ್ತದೋ ಇಲ್ಲವೋ ಅಂತ ಗೊತ್ತಾಗುತ್ತದೆ.

ಈ ಮಳೆಗಾಲ ಗುಡ್ಡದ ಹಳೇ ಗಣಿಯಿಂದ ತಾಮ್ರ ಇಳಿಯತೊಡಗಿತು. ಜುಲಾಕ್ ಬಾಟಲಿಯಲ್ಲಿ ನೀರು ಕಳಿಸಿದರು. ಬಾಟಲಿ ನೇರ ಪ್ರಯೋಗಾಲಯ ಸೇರಿತು, ಮಸ್ತೂರಾಳ ಕೈಗೆ ಬಂದದ್ದು ಅಂಕಿ ಮಾತ್ರ. ಕಷಾಯ ತೀರಾ ಕಮ್ಮಿ ಇತ್ತು. ಮಳೆನೀರು ಬೆರೆತಿರಬೇಕು ಅಂದುಕೊಂಡಳು. ಲೆಕ್ಕ ಹೇಳಿತು: ಮೀನು ಬದುಕುವುದಿಲ್ಲ. ಉಂಡ ಮನೆಯ ಜಂತೆ ಎಣಿಸಿದ ಹಾಗಾಯಿತಲ್ಲ ಅಂತ ಸಂಕಟಪಡುತ್ತಲೇ ಫೋನ್ ಮಾಡಿದಳು.

"ಆಯ್ತು ಬಿಡು ಮಗಳೇ, ನಾಳೆ ತಾಯಿಮೀನು ಎಲ್ಲಾ ವ್ಯಾಪಾರಿಗೆ ಕೊಟ್ಬಿಡ್ತೀನಿ," ಅಂದರು ಜುಲಾಕ್. ತಾಯಿಮೀನು ಹೋದರೆ ಕಸುಬೇ ಹೋದ ಹಾಗೆ. ಅವರೊಬ್ಬರನ್ನೇ ಬಿಡಲು ಮನಸ್ಸಾಗದೆ ಮಸ್ತೂರಾ ಬೆಳಿಗ್ಗೆ ದೋಣಿ ಹತ್ತಿದಳು.

ವ್ಯಾಪಾರಿ ಆಗಲೇ ಬಂದು ಬುಟ್ಟಿ ಇಳಿಸಿದ್ದ. ಪಂಜರದಲ್ಲಿ ಮೀನು ಪಟಪಟ ಹಾರುತ್ತಿದ್ದವು. ಹೊಳೆಯೂ ಎಂದಿನಂತೆ ಗಟ್ಟಿ ಕಂದು. ಇಷ್ಟು ಕಂದಿರುವ ನೀರಿನಲ್ಲಿ ಕಷಾಯ ಕಮ್ಮಿ ಬಂದದ್ದು ಹೇಗೆ?

"ಜುಲಾಕ್, ನೀವು ಕಳಿಸಿದ್ದು ಇದೇ ನೀರಾ?"

"ಇನ್ನೆಲ್ಲಿಂದ ತರ್ಲಿ? ಪಟಿಕ ಆಡ್ಸಿ ತಿಳಿ ಮಾಡಿದ್ದೆ, ಅಷ್ಟೆ."

"ಪಟಿಕಾನಾ!"

"ಮತ್ತೆ? ನೀನು ಕೂತಿರೋ ಕಚೇರಿಗೆ ರಾಡಿ ಕಳಿಸ್ಲಾ? ನೆಂಟ್ರಿಗೇ ತಿಳಿ ಮಾಡಿ ಕೊಡ್ತೀವಿ. ನಿನ್ನ ಮಾನ ಏನಾಗ್ಬೇಕು?"

ಅಯ್ಯೋ ಪುಣ್ಯಾತ್ಮ! ಪಟಿಕ ತಳಕ್ಕಿಳಿಸಿದ್ದು ಆ ಕಂದು ಕಷಾಯವನ್ನೇ. ತಾಮ್ರವನ್ನು ಮೀನಿಗೆ ಅಂಟದಂತೆ ಹಿಡಿದಿಡುವುದೂ ಅದೇ. ಮಸ್ತೂರಾ ದೋಣಿಯಲ್ಲೇ ಕೂತು ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಇವತ್ತು ಮೀನಿಲ್ಲ, ನಡಿಯಪ್ಪಾ," ಅಂತ ವ್ಯಾಪಾರಿಯನ್ನು ಸಾಗಹಾಕಿ, ತನ್ನ ಕೈಯಾರೆ ಬಾಟಲಿ ತುಂಬಿಕೊಂಡು ಹೋದಳು.

ಮುಂದಿನ ಶುಕ್ರವಾರ ಫಲಿತಾಂಶ ಹೇಳಲು ತಾನೇ ಬಂದಳು. ತಾಮ್ರ ಕಡಿಮೆಯೇನೂ ಆಗಿರಲಿಲ್ಲ, ಆದರೆ ಕಂದು ಅದನ್ನು ಬಿಗಿಹಿಡಿದಿತ್ತು. ಈ ಬಣ್ಣ ಇರುವ ತನಕ ಮೀನಿಗೆ ಭಯವಿಲ್ಲ.

"ನಿನ್ನಿಂದ ಉಳೀತು, ಮಗಳೇ," ಅಂದರು ಜುಲಾಕ್.

"ನನ್ನಿಂದ ಅಲ್ಲ, ಈ ಹೊಳೆಯಿಂದ. ನಾನು ಇದನ್ನ ಎಷ್ಟು ಬೈದಿದ್ದೀನಿ ಗೊತ್ತಾ?"

ಅಷ್ಟರಲ್ಲಿ ಒಂದು ತಾಯಿಮೀನು ಬಾಲ ಬೀಸಿ ಅವಳ ಬಿಳಿ ಅಂಗಿಯ ಮೇಲೆಲ್ಲ ನೀರೆರಚಿತು. ಜುಲಾಕ್ ಗಾಬರಿಯಿಂದ ಪಟಿಕದ ಡಬ್ಬಿಗೆ ಕೈಹಾಕಿದರು.

"ತಾಳು, ತಿಳಿನೀರು ಕೊಡ್ತೀನಿ, ಕಲೆ ಕೂತ್ಕೊಳ್ಳತ್ತೆ!"

ಮಸ್ತೂರಾ ಆ ಕೈಯನ್ನು ಹಿಡಿದು ಹಣೆಗೊತ್ತಿಕೊಂಡಳು.

"ಕೂತ್ಕೊಳ್ಳಲಿ ಬಿಡಿ, ಜುಲಾಕ್."