ಇಪ್ಪತ್ಮೂರನೇ ನಂಬರಿನ ಗೋಣಿಚೀಲ

ಸಿದ್ಧಲಿಂಗೇಶ ಹುಟ್ಟು ಪುಕ್ಕಲ. ಹೀಗೆಂದವರು ಹಗೆಗಳಲ್ಲ, ಹೆತ್ತ ತಾಯಿ ಬಸಲಿಂಗವ್ವ. ಬಾಗಲಕೋಟೆಯಲ್ಲಿ ಓರಗೆಯ ಹುಡುಗರೆಲ್ಲ ತೋಟದ ಬಾವಿಗೆ ಧುಮುಕಿ ಈಜು ಕಲಿಯುತ್ತಿದ್ದರೆ, ಇವನು ಅವರ ಅಂಗಿಗಳನ್ನು ಕಾಯುತ್ತ ದಂಡೆಯ ಮೇಲೆ ಕೂತಿರುತ್ತಿದ್ದ. ನಲವತ್ತೊಂದು ತುಂಬಿ, ಸ್ಯಾನ್ ಡಿಯೇಗೊ ಪಕ್ಕದ ಪೊವೇ ಊರಿನ ಒಂದು ಕಂಪನಿಯಲ್ಲಿ ಎಂಜಿನಿಯರ್ ಆಗಿ, ಸ್ವಂತ ಮನೆ ಮಾಡಿದ ಮೇಲೂ ಆ ಗುಣ ಹೋಗಿರಲಿಲ್ಲ. ಪೊಲೀಸ್ ಕಾರು ಹಿಂದೆ ಬಂದರೆ ಸಾಕು, ತಪ್ಪಿರಲಿ ಬಿಡಲಿ, ಅಂಗೈ ಬೆವರುತ್ತಿತ್ತು.

ಅಂಜಿದವನ ಮೇಲೆ ಕಪ್ಪೆ ಎಸೆದರು ಅನ್ನುವ ಹಾಗೆ, 2001ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಒಂದು ಪ್ರಸಂಗ ನಡೆಯಿತು. ಅವನು ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡವನು. ಹುಟ್ಟಿದಾಗ ಮಠದ ಅಯ್ಯನವರು ಕಟ್ಟಿದ ಲಿಂಗ, ಅದನ್ನಿಡಲು ಒಂದು ಬೆಳ್ಳಿಯ ಕರಡಿಗೆ, ಕೊರಳಿಗೆ ಕಟ್ಟಲು ಬಿಳಿಯ ಶಿವದಾರ. ತಪಾಸಣೆಯ ಯಂತ್ರ ಕೂಗಿತು. ಕರಡಿಗೆಯನ್ನು ತೆಗೆದು ತಟ್ಟೆಯಲ್ಲಿಡಬೇಕಾಯಿತು. ಒಳಗೇನಿದೆ ಎಂದು ಅಧಿಕಾರಿ ಕೇಳಿದ. ‘ದೇವರು’ ಎಂದ ಸಿದ್ಧಲಿಂಗೇಶ. ಅಧಿಕಾರಿಯೇನೋ ಸೌಜನ್ಯದಿಂದಲೇ ವಾಪಸು ಕೊಟ್ಟ. ಆದರೆ ಸಾಲಿನಲ್ಲಿ ಹಿಂದಿದ್ದವರು ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ಆ ಎರಡು ಹೆಜ್ಜೆಗಳನ್ನು ಅವನು ಮರೆಯಲಿಲ್ಲ. ಅಂದಿನಿಂದ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದ.

ಮರುವರ್ಷದ ಏಪ್ರಿಲ್‌ನಲ್ಲಿ, ಕಂಪನಿ ವಾರಕ್ಕಿಬ್ಬರನ್ನು ಮನೆಗೆ ಕಳಿಸುತ್ತಿದ್ದ ಹೊತ್ತಿನಲ್ಲಿ, ಮ್ಯಾನೇಜರ್ ಗ್ಲೆನ್‌ಗೆ ಹುಮ್ಮಸ್ಸು ಬಂತು. ಇಡೀ ತಂಡಕ್ಕೆ ಸ್ಯಾನ್ ಡಿಯೇಗೊ ಬಂದರಿನಿಂದ ಒಂದು ದೋಣಿ ಬಾಡಿಗೆಗೆ ಹಿಡಿದ. ಸಮುದ್ರದ ತಳದ ಬಂಡೆಗಳ ನಡುವೆ ಇರುವ ಕೆಂಪು ಮೀನು, ಅಲ್ಲಿಯವರು ರಾಕ್ ಕಾಡ್ ಅನ್ನುತ್ತಾರೆ, ಅದರ ಬೇಟೆ. ಮೊಟ್ಟೆಯ ಕೇಕನ್ನೂ ಮುಟ್ಟದ ಸಿದ್ಧಲಿಂಗೇಶನಿಗೆ ಇದು ಬೇಕಿತ್ತೇ? ಬೇಡವಾಗಿತ್ತು. ಆದರೆ ಬರದವನ ಹೆಸರು ಯಾವ ಪಟ್ಟಿಗೆ ಸೇರುತ್ತದೋ ಎಂಬ ಹೆದರಿಕೆ ಸಮುದ್ರದ ಹೆದರಿಕೆಗಿಂತ ದೊಡ್ಡದಾಗಿತ್ತು. ಸಹೋದ್ಯೋಗಿ ವೆಂಕಟಾಚಲ, ಬೆಂಗಳೂರಿನವನು, ಬೆಳಗಿನ ಜಾವ ತನ್ನ ಕಾರಿನಲ್ಲಿ ಕರೆದುಕೊಂಡು ಹೋದ.

ದೋಣಿ ಹತ್ತಿದ ಕೂಡಲೇ ಗ್ಲೆನ್ ಎಲ್ಲರಿಗೂ ಕಂಪನಿಯ ಟೀ ಶರ್ಟ್ ಹಂಚಿ, ಹಾಕಿಕೊಳ್ಳಿ ಎಂದ. ತೆಳು ಬಟ್ಟೆ, ಅಗಲ ಕೊರಳು. ಕರಡಿಗೆ ಎದೆಯ ಮೇಲೆ ನಿಂಬೆಹಣ್ಣಿನಂತೆ ಉಬ್ಬಿ ಕಂಡಿತು. ಸಿದ್ಧಲಿಂಗೇಶ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡ. ಮೀನು ಕೊಲ್ಲುವ ಜಾಗದಲ್ಲಿ ಲಿಂಗ ಮೈಮೇಲಿರಬಾರದು, ಮೈಲಿಗೆ, ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಅದು ನಿಜವೆನಿಸಿತು. ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಗೆ ಸುತ್ತಿ, ಒಗೆದ ಕರವಸ್ತ್ರದಲ್ಲಿ ಗಂಟು ಕಟ್ಟಿದ.

ಇನ್ನು ಇಡುವುದೆಲ್ಲಿ? ಲಿಂಗವನ್ನು ಹೊಕ್ಕುಳಿಂದ ಕೆಳಗೆ ಇಳಿಸಬಾರದು, ಹಾಗಾಗಿ ಪ್ಯಾಂಟಿನ ಜೇಬು ಆಗದು. ಟೀ ಶರ್ಟಿಗೆ ಜೇಬಿಲ್ಲ. ಬ್ಯಾಗು ನೆಲದ ಮೇಲೆ, ಜನರ ಕಾಲಡಿ. ಹೊರಗೆ ಬಂದಾಗ ದೋಣಿಯಂಚಿನ ಕಟಕಟೆಯ ಉದ್ದಕ್ಕೂ ಎದೆಯೆತ್ತರಕ್ಕೆ ತೂಗುಹಾಕಿದ್ದ ಗೋಣಿಚೀಲಗಳು ಕಂಡವು. ಹಿಡಿದ ಮೀನು ಹಾಕಲು ಒಬ್ಬೊಬ್ಬರಿಗೆ ಒಂದೊಂದು, ಮೇಲೆ ನಂಬರು. ಇವನದು ಇಪ್ಪತ್ಮೂರು, ಹೊಚ್ಚ ಹೊಸದು. ತಾನು ಮೀನು ಹಿಡಿಯುವವನಲ್ಲ, ಆದ್ದರಿಂದ ತನ್ನ ಚೀಲಕ್ಕೆ ಮೀನು ಬೀಳುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಯಾರೂ ನೋಡದಾಗ ಗಂಟನ್ನು ಅದರೊಳಗೆ ಇಳಿಸಿದ.

ದಂಡೆ ಮರೆಯಾಯಿತು. ಬೂದು ಬಣ್ಣದ ಅಲೆಗಳು ಒಂದರ ಹಿಂದೊಂದು ಬಂದು ದೋಣಿಯನ್ನು ಎತ್ತಿ ಎತ್ತಿ ಇಳಿಸತೊಡಗಿದವು. ಅವನ ಕೈ ಮೇಲಿಂದ ಮೇಲೆ ಎದೆಗೆ ಹೋಗಿ, ಏನೂ ಸಿಗದೆ ಕೆಳಗೆ ಬರುತ್ತಿತ್ತು. ಲಿಂಗ ಬಿಟ್ಟು ಉಸಿರಾಡಬಾರದು ಎಂದು ಅವ್ವ ಹೇಳುತ್ತಿದ್ದದ್ದು ನೆನಪಾಯಿತು. ಈಗ ದೋಣಿ ಮಗುಚಿದರೆ ಲಿಂಗವಿಲ್ಲದ ಹೆಣವಾಗುತ್ತೇನಲ್ಲ ಎಂದುಕೊಂಡ. ಮೂರು ಸಲ ವಾಂತಿ ಮಾಡಿಕೊಂಡು, ಒಳಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಬಿದ್ದುಕೊಂಡ.

ಎಚ್ಚರವಾದಾಗ ದೋಣಿ ದಂಡೆಯ ಕಡೆ ತಿರುಗಿತ್ತು. ತಡವರಿಸುತ್ತ ಹೊರಗೆ ಬಂದು ನೋಡಿದರೆ ಕಟಕಟೆ ಬರಿದು. ಒಂದು ಚೀಲವೂ ಇಲ್ಲ.

ಗ್ಲೆನ್ ಬೆನ್ನು ತಟ್ಟಿದ. ನಿನ್ನ ಚೀಲ ಬಡಪಾಯಿಯಂತೆ ಜೋತಾಡುತ್ತಿತ್ತು, ಬರಿಗೈಲಿ ಮನೆಗೆ ಹೋಗಬೇಡವೆಂದು ನಾನೇ ಆರು ಮೀನು ಹಾಕಿದ್ದೇನೆ ಎಂದು ನಕ್ಕ.

ಸಿದ್ಧಲಿಂಗೇಶ ಚೀಲಗಳಿಗಾಗಿ ಸುತ್ತ ಹುಡುಕಿದ. ಹಿಂಬದಿಯಲ್ಲಿ ಮೀನು ಕೊಯ್ಯುವ ಹಲಗೆ, ಅದರ ಪಕ್ಕ ಚೀಲಗಳ ರಾಶಿ. ರಬ್ಬರ್ ಅಂಗಿಯ ಆಳೊಬ್ಬ ನಂಬರು ಕೂಗಿ ಚೀಲ ಸುರಿಯುತ್ತಿದ್ದ, ಮೀನಿನ ಮಾಂಸ ಬಿಡಿಸಿಕೊಂಡು ತಲೆ ಮೂಳೆಗಳನ್ನು ನೀರಿಗೆ ತಳ್ಳುತ್ತಿದ್ದ. ಕೊನೆಗೆ ಖಾಲಿ ಚೀಲವನ್ನು ಕಡಲಿನ ಮೇಲೆ ತಲೆಕೆಳಗು ಹಿಡಿದು ಜಾಡಿಸುತ್ತಿದ್ದ. ಬಿದ್ದದ್ದನ್ನು ಹಕ್ಕಿಗಳು ಕಿತ್ತಾಡಿ ನುಂಗುತ್ತಿದ್ದವು. ಇಪ್ಪತ್ತೊಂದು ಮುಗಿಯಿತು. ಇಪ್ಪತ್ತೆರಡು ಹಲಗೆಯ ಮೇಲಿತ್ತು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಇಪ್ಪತ್ತೈದು ಜನ ಸಹೋದ್ಯೋಗಿಗಳು ಸುತ್ತ ನಿಂತಿದ್ದರು. ಆಳು ಇಪ್ಪತ್ತೆರಡನ್ನು ಜಾಡಿಸಿ, ಬಗ್ಗಿ ಇಪ್ಪತ್ಮೂರರ ಕಿವಿ ಹಿಡಿದ. ಅಷ್ಟಾದ ಮೇಲೆ ಸಿದ್ಧಲಿಂಗೇಶ ಓಡಿಹೋಗಿ ಚೀಲ ಕಸಿದುಕೊಂಡ. ಹುಟ್ಟಿದ ಮೇಲೆ ಮೀನು ಮುಟ್ಟದ ಕೈಯನ್ನು ಮೊಣಕೈವರೆಗೂ ಒಳಗೆ ತೂರಿಸಿದ. ಲೋಳೆ, ತಣ್ಣಗಿನ ಮೈ, ಇನ್ನೂ ಮಿಡಿಯುತ್ತಿದ್ದ ಒಂದು ಕಿವಿರು. ಬೆನ್ನಿನ ಮುಳ್ಳುಗಳು ಬೆರಳಿಗೆ ನಾಟಿದವು. ತಳದಲ್ಲಿ ಗಂಟು ಸಿಕ್ಕಿತು. ಒಳಗೆ ಕರಡಿಗೆ ಗಟ್ಟಿಯಾಗಿ ತಾಕಿತು.

ಏನು ಕಳೆದಿತ್ತು ಎಂದು ಗ್ಲೆನ್ ಕೇಳಿದ.

‘ಕಾರ್ ಕೀ’ ಎಂದ ಸಿದ್ಧಲಿಂಗೇಶ. ಗಂಟನ್ನು ಪ್ಯಾಂಟಿನ ಜೇಬಿಗೆ ತುರುಕಿದ.

ವಾಪಸು ಬರುವಾಗ ಪೊವೇ ಹತ್ತಿರ ವೆಂಕಟಾಚಲ ಕೇಳಿದ, ‘‘ಕಾರು ನಂದು, ಕೀ ನನ್ ಹತ್ರಾನೇ ಇತ್ತು. ನೀವು ಹುಡುಕಿದ್ದು ಏನು?’’

ಬಸಲಿಂಗವ್ವ ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಹಿತ್ತಿಲಲ್ಲಿ ಕೂತು ಪಾಲಕ್ ಸೋಸುತ್ತಿದ್ದವಳು ಮಗನ ಊದಿದ ಬೆರಳು ನೋಡಿದಳು, ಬರಿಗೊರಳನ್ನೂ ನೋಡಿದಳು. ಅವಳ ಮುಂದೆ ಅವನಿಗೆ ಎಂದೂ ಸುಳ್ಳು ಬರುತ್ತಿರಲಿಲ್ಲ. ಎಲ್ಲವನ್ನೂ ಹೇಳಿ, ಗಂಟನ್ನು ಅವಳ ಮುಂದಿಟ್ಟ. ಅದು ಮೀನು ನಾರುತ್ತಿತ್ತು.

‘‘ಮೈಲಿಗಿ ಆಗ್ತದಂತ ತಗದೆ, ಅವ್ವಾ.’’

ಬಸಲಿಂಗವ್ವ ತಂಬಿಗೆಯ ನೀರು ಹಾಕಿ ಕರಡಿಗೆ ತೊಳೆದು, ಸೆರಗಿನಿಂದ ಒರೆಸಿದಳು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು.

‘‘ಲಿಂಗ ಮೈಮ್ಯಾಲಿದ್ದವಗ ಮೈಲಿಗಿ ಎಲ್ಲಿಂದ ಬರ್ತದೋ ತಮ್ಮಾ? ಅದು ಗೊತ್ತಿಲ್ಲದವ ಅಲ್ಲ ನೀ. ಖರೇ ಹೇಳು. ಮೀನಿಗಿ ಅಂಜಿದ್ಯೋ, ಮಂದಿಗಿ ಅಂಜಿದ್ಯೋ?’’

ಅವನು ತಲೆ ಬಗ್ಗಿಸಿದ. ಅವ್ವ ಶಿವದಾರವನ್ನು ಕೊರಳಿಗೆ ಹಾಕಿದಳು. ಆಮೇಲೆ ‘‘ಮಂದಿಗಿ’’ ಎಂದ.

ಅದನ್ನು ಪಿಸುದನಿಯಲ್ಲಿ ಹೇಳಿದ. ಹೇಳುವ ಮೊದಲು ಬೇಲಿಯಾಚೆ ಪಕ್ಕದ ಮನೆಯ ಕಿಟಕಿ ತೆರೆದಿದೆಯೇ ಎಂದು ನೋಡಿಕೊಂಡಿದ್ದ. ಆ ಓಣಿಯಲ್ಲಿ ಕನ್ನಡ ಬಲ್ಲ ಇನ್ನೊಂದು ಮನೆ ಇರಲಿಲ್ಲ.